ಹಾಲಾದ ಸುಣ್ಣದ ನೀರು ಮತ್ತೆ ತಿಳಿಯಾದಾಗ

ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ವರ್ಷಕ್ಕೊಮ್ಮೆ ತಪ್ಪದೆ ನಡೆಯುವ ಪ್ರಯೋಗವೊಂದಿದೆ. ಪ್ರನಾಳದಲ್ಲಿ ಸುಣ್ಣದ ತಿಳಿನೀರು ತೆಗೆದುಕೊಂಡು, ಅದರೊಳಕ್ಕೆ ಕೊಳವೆ ಇಳಿಬಿಟ್ಟು ಉಸಿರು ಊದುವುದು. ನಾಲ್ಕಾರು ಸಲ ಊದುವಷ್ಟರಲ್ಲಿ ತಿಳಿನೀರು ಹಾಲಿನಂತಾಗುತ್ತದೆ. ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆ ಎಂದು ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಶಿಕಾರಿಪುರದ ಶಾಲೆಯಾದರೂ ಅಷ್ಟೆ, ಸೊರಬದ ಶಾಲೆಯಾದರೂ ಅಷ್ಟೆ. ಅದೇ ಪಾಠದಲ್ಲಿ ಇನ್ನೊಂದು ಮಾತೂ ಇರುತ್ತದೆ: ಅನಿಲವನ್ನು ಹಾಗೆಯೇ ಹಾಯಿಸುತ್ತ ಹೋದರೆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗುತ್ತದೆ. ಈ ಎರಡನೆಯ ಅರ್ಧವನ್ನು ಬಾಯಿಪಾಠ ಮಾಡಿದವರೇ ಹೆಚ್ಚು, ಕಣ್ಣಾರೆ ಕಂಡವರು ಕಡಿಮೆ.

ಹಾಗೆ ಬಿಟ್ಟುಹೋದ ಅರ್ಧ ಪ್ರಯೋಗವನ್ನೇ ಹಿಡಿದು ಜಗತ್ತಿನ ಕೆಲವರು ಒಂದು ಯಂತ್ರ ಮಾಡಿಕೊಂಡಿದ್ದಾರೆ. ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳ ಸಾಕುವ ಹವ್ಯಾಸಿಗಳು ಇವರು. ಯಂತ್ರದ ಹೆಸರು ಕ್ಯಾಲ್ಸಿಯಂ ರಿಯಾಕ್ಟರ್. ಹೆಸರು ಕೇಳಿದರೆ ಕೈಗಾ ನೆನಪಾದೀತು. ಅಣುಶಕ್ತಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಒಂದು ಕೊಳವೆ, ಅದರ ತುಂಬ ಸುಣ್ಣಕಲ್ಲಿನ ಹರಳು, ಒಳಗೆ ಸುತ್ತುವ ನೀರು, ಆ ನೀರಿಗೆ ಗುಳ್ಳೆಗುಳ್ಳೆಯಾಗಿ ಸೇರುವ ಇಂಗಾಲದ ಡೈಆಕ್ಸೈಡ್: ಇಷ್ಟೇ. ಕಡಲಿನಿಂದ ದೂರ, ಘಟ್ಟದ ಮೇಲಿರುವ ಶಿಕಾರಿಪುರ-ಸೊರಬಗಳ ವಿದ್ಯಾರ್ಥಿಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ಆದರೆ ಈ ಯಂತ್ರಕ್ಕೆ ಬೇಕಾದ ರಸಾಯನವೆಲ್ಲ ಆ ಊರುಗಳ ಮನೆ, ತೋಟಗಳಲ್ಲೇ ಇದೆ.

ಸುಣ್ಣದಿಂದಲೇ ಶುರು ಮಾಡೋಣ. ಕರಾವಳಿಯ ಅಳಿವೆಗಳಲ್ಲಿ ಹೆಕ್ಕಿದ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವುದು ಹಳೆಯ ಕಸುಬು. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟಾಗ ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಶುದ್ಧ ಕಾರ್ಬೊನೇಟ್ 100 ಕಿಲೋ ಇದ್ದರೆ ಗೂಡಿನಲ್ಲಿ ಉಳಿಯುವುದು 56 ಕಿಲೋ, ಮಿಕ್ಕ 44 ಕಿಲೋ ಗಾಳಿಗೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬುಸುಗುಟ್ಟಿ, ಕಾದು, ಅರಳುತ್ತದೆ. ಅರಳಿದ ಸುಣ್ಣವನ್ನು ಹಬ್ಬಕ್ಕೆ ಮುಂಚೆ ಗೋಡೆಗೆ ಬಳಿದರೆ ಮೊದಲು ಮಂಕಾಗಿದ್ದು ಒಣಗುತ್ತ ಬೆಳ್ಳಗಾಗುತ್ತದೆ. ನೀರು ಆರುವುದರ ಜೊತೆಗೆ ಅಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಗೂಡಿನಲ್ಲಿ ಕಳೆದುಕೊಂಡ ಅನಿಲವನ್ನು ಸುಣ್ಣ ಗಾಳಿಯಿಂದ ಮೆಲ್ಲಗೆ ವಾಪಸ್ ಪಡೆದು ಮತ್ತೆ ಕಲ್ಲಾಗುತ್ತದೆ. ಸೊರಬದ ಹಳೆ ಮನೆಯ ಸುಣ್ಣದ ಗೋಡೆಯೂ ಕಡಲ ಹವಳದ ಅಸ್ಥಿಯೂ ರಸಾಯನ ದೃಷ್ಟಿಯಲ್ಲಿ ಒಂದೇ ವಸ್ತು. ಹರಳಿನ ಜೋಡಣೆ ಮಾತ್ರ ಬೇರೆ. ಗೋಡೆಯಲ್ಲಿ ಅದು ಕ್ಯಾಲ್ಸೈಟ್, ಹವಳದಲ್ಲಿ ಅರಗೊನೈಟ್.

ಪ್ರನಾಳದಲ್ಲಿ ಹಾಲಾಗುವುದೂ ಇದೇ. ಗೋಡೆಯ ಮೇಲೆ ದಿನಗಟ್ಟಲೆ ಹಿಡಿಯುವ ಕೆಲಸ ಅಲ್ಲಿ ನಿಮಿಷದಲ್ಲಿ ಮುಗಿಯುತ್ತದೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1750ರ ದಶಕದಲ್ಲಿ ಈ ಅನಿಲವನ್ನು ಗುರುತಿಸಿ, ಉಸಿರಿನಲ್ಲೂ ಅದಿದೆ ಎಂದು ತೋರಿಸಿದ್ದು ಸುಣ್ಣದ ತಿಳಿನೀರಿನಿಂದಲೇ. ಮುಂದೆ ಅನಿಲ ಇನ್ನೂ ಬರುತ್ತಿದ್ದರೆ ನೀರು ಸ್ವಲ್ಪ ಆಮ್ಲೀಯವಾಗುತ್ತದೆ, ಗೋಲಿಸೋಡಾ ಇರುವ ಹಾಗೆ. ಆ ಹುಳಿ ನೀರು ಬಿಳಿ ಪುಡಿಯನ್ನು ಕರಗಿಸಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿಸುತ್ತದೆ. ಇದು ನೀರಿನಲ್ಲಿ ಕಣ್ಣಿಗೆ ಕಾಣದಂತೆ ಇರುತ್ತದೆ. ಗಡಸು ನೀರಿನ ಪಾಠದಲ್ಲಿ 'ತಾತ್ಕಾಲಿಕ ಗಡಸುತನ' ಎಂದು ಬರುವುದು ಇದನ್ನೇ. ಕುದಿಸಿದರೆ ಅನಿಲ ಹೋಗಿ ಸುಣ್ಣ ಪಾತ್ರೆಯ ತಳಕ್ಕೆ ಕೂರುತ್ತದೆ. ಬಿಸಿನೀರಿನ ಹಂಡೆಯೊಳಗೆ ಬಿಳಿಯ ಪದರ ಕಟ್ಟಿದ್ದು ನೋಡಿಲ್ಲವೆ?

ಶಾಲೆಯಲ್ಲಿ ಈ ಎರಡನೆಯ ಅರ್ಧ ಕೈಕೊಡುವುದಕ್ಕೆ ಕಾರಣವಿದೆ. ತಿಳಿನೀರು ಪೂರ್ತಿ ಸಾಂದ್ರವಾಗಿದ್ದರೆ ಲೀಟರಿಗೆ ಸುಮಾರು ಒಂದೂವರೆ ಗ್ರಾಂಗಿಂತ ತುಸು ಹೆಚ್ಚು ಸುಣ್ಣ ಕರಗಿರುತ್ತದೆ. ಅಷ್ಟನ್ನೂ ಬೈಕಾರ್ಬೊನೇಟ್ ರೂಪದಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ನೀರಿಗೆ ಇಲ್ಲ, ಶುದ್ಧ ಅನಿಲವನ್ನೇ ಹಾಯಿಸಿದರೂ ಅರ್ಧಕ್ಕಿಂತ ಹೆಚ್ಚು ಪುಡಿ ಉಳಿದುಬಿಡುತ್ತದೆ. ಇನ್ನು ಉಸಿರಿನಲ್ಲಿರುವುದು ಶೇ 4ರ ಆಸುಪಾಸಿನ ಅನಿಲ. ಕೆನ್ನೆ ನೋಯುವವರೆಗೆ ಊದಿದರೂ ಹಾಲು ಹಾಲಾಗಿಯೇ ಇರುತ್ತದೆ! ಉಪಾಯ ಸುಲಭ. ಒಂದು ಪಾಲು ತಿಳಿನೀರಿಗೆ ಮೂರು ಪಾಲು ಮಳೆನೀರು ಬೆರೆಸಬೇಕು. ಅಡುಗೆ ಸೋಡಾದ ಮೇಲೆ ನಿಂಬೆರಸ ಹಿಂಡಿದಾಗ ಏಳುವ ಅನಿಲವನ್ನು ಕೊಳವೆಯಲ್ಲಿ ತಂದು ಹಾಯಿಸಬೇಕು. ಮೊದಲು ಬಿಳುಪು, ಆಮೇಲೆ ತಿಳಿ, ಎರಡೂ ಒಂದೇ ಪ್ರನಾಳದಲ್ಲಿ ಕಾಣುತ್ತವೆ.

ಈಗ ಹವಳಕ್ಕೆ ಬರಬಹುದು. ಸೊರಬದಿಂದ ಘಟ್ಟ ಇಳಿದು ಹೊನ್ನಾವರ ಮುಟ್ಟಿ ದಕ್ಷಿಣಕ್ಕೆ ತಿರುಗಿದರೆ ಮುರ್ಡೇಶ್ವರ. ಅಲ್ಲಿಂದ ಕಡಲಿನಲ್ಲಿ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪ. ಅದರ ಸುತ್ತಲಿನ ನೀರಿನಲ್ಲಿ ಹವಳಗಳಿವೆ. ಇನ್ನೂ ಪಶ್ಚಿಮಕ್ಕೆ ಲಕ್ಷದ್ವೀಪದಲ್ಲಂತೂ ಕಾಲಡಿಯ ನೆಲವೇ ಹವಳ. ಹವಳವೆಂದರೆ ಕಲ್ಲೂ ಅಲ್ಲ, ಗಿಡವೂ ಅಲ್ಲ. ಅದು ಸಣ್ಣ ಸಣ್ಣ ಪ್ರಾಣಿಗಳ ಒಕ್ಕಲು. ಒಂದೊಂದು ಜೀವಿಯೂ ಕಡಲ ನೀರಿನಿಂದ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಹೀರಿಕೊಂಡು ತನ್ನ ಅಡಿಯಲ್ಲಿ ಸುಣ್ಣಕಲ್ಲಿನ ಬಟ್ಟಲು ಕಟ್ಟಿಕೊಳ್ಳುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 410ರಿಂದ 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹವಳ ಎಷ್ಟು ಬಳಸಿದರೂ ಕಡಲಿಗೆ ಲೆಕ್ಕವಿಲ್ಲ, ನದಿಗಳು ತುಂಬಿಕೊಡುತ್ತಲೇ ಇರುತ್ತವೆ. (ಶಿಕಾರಿಪುರದ ಕುಮುದ್ವತಿ, ಸೊರಬದ ದಂಡಾವತಿ ಕೂಡ ಕೊಡುತ್ತವೆ. ಆದರೆ ಹತ್ತಿರದ ಪಡುಗಡಲಿಗಲ್ಲ. ದಂಡಾವತಿ ವರದೆಯನ್ನು ಸೇರುತ್ತದೆ. ವರದೆಯೂ ಕುಮುದ್ವತಿಯೂ ತುಂಗಭದ್ರೆಗೆ ಸೇರಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತವೆ.)

ಗಾಜಿನ ತೊಟ್ಟಿಗೆ ನದಿ ಎಲ್ಲಿಂದ ಬರಬೇಕು? ಸಂಕಟ ಇರುವುದು ಇಲ್ಲೇ. 200 ಲೀಟರಿನ ತೊಟ್ಟಿಯಲ್ಲಿ ಹವಳ ಚೆನ್ನಾಗಿ ಬೆಳೆಯುತ್ತಿದೆ ಎಂದುಕೊಳ್ಳೋಣ. ನೀರಿನ ಕ್ಷಾರತೆಯನ್ನು ಈ ಹವ್ಯಾಸಿಗಳು ಜರ್ಮನ್ ಡಿಗ್ರಿಗಳಲ್ಲಿ ಅಳೆಯುತ್ತಾರೆ. ಕಡಲ ನೀರಿನದು 7ರ ಹತ್ತಿರ, ತೊಟ್ಟಿಯಲ್ಲಿ 8ರಷ್ಟು ಇಟ್ಟುಕೊಳ್ಳುವುದು ರೂಢಿ. ದಿನಕ್ಕೆ ಒಂದು ಡಿಗ್ರಿ ಖರ್ಚಾದರೆ, ಪ್ರತಿ ಲೀಟರಿಗೆ ಸುಮಾರು 18 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲಾಗಿ ಕೂತಿತೆಂದು ಅರ್ಥ. ಇಡೀ ತೊಟ್ಟಿಗೆ ಮೂರೂವರೆ ಗ್ರಾಂ ಚಿಲ್ಲರೆ. ಚಿಟಿಕೆಯಷ್ಟು! ಆದರೆ ವರ್ಷಕ್ಕೆ ಅದು 1,300 ಗ್ರಾಂ. ತುಂಬಿಕೊಡದೆ ಒಂದು ವಾರ ಬಿಟ್ಟರೆ ಕ್ಷಾರತೆ ಕುಸಿದು ಹವಳದ ಬೆಳವಣಿಗೆ ನಿಲ್ಲುತ್ತದೆ, ಆಮೇಲೆ ಹವಳವೂ ಉಳಿಯುವುದಿಲ್ಲ.

ಸುಣ್ಣ ಬೇಕಾದರೆ ಸುಣ್ಣವನ್ನೇ ಹಾಕಿದರಾಯಿತಲ್ಲ? ಹಾಗೆ ಹಾಕುವವರೂ ಇದ್ದಾರೆ. ಜರ್ಮನ್ ಹವ್ಯಾಸಿಗಳು ಬಳಕೆಗೆ ತಂದ ಆ ಪದ್ಧತಿಗೆ 'ಕಾಲ್ಕ್‌ವಾಸರ್' ಎಂದು ಹೆಸರು. ದೊಡ್ಡ ಹೆಸರೆಂದು ಬೆರಗಾಗುವುದು ಬೇಡ, ಕನ್ನಡದಲ್ಲಿ ಹೇಳಿದರೆ ಸುಣ್ಣದ ನೀರು! ತೊಟ್ಟಿಯಿಂದ ಆವಿಯಾದ ನೀರಿನ ಜಾಗಕ್ಕೆ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಡುವುದು. ಆದರೆ ಅದರ ಪಿಎಚ್ 12ಕ್ಕೂ ಹೆಚ್ಚು, ಅಂದರೆ ಚರ್ಮವನ್ನೂ ಕಣ್ಣನ್ನೂ ಸುಡುವಷ್ಟು ಕ್ಷಾರ. ಒಮ್ಮೆಲೇ ಹೆಚ್ಚು ಬಿದ್ದರೆ ಮೀನುಗಳು ಸಾಯುತ್ತವೆ. ಆವಿಯಾಗುವುದಕ್ಕಿಂತ ಹೆಚ್ಚು ಸೇರಿಸುವಂತೆಯೂ ಇಲ್ಲ. ಹವಳ ಸ್ವಲ್ಪ ದೊಡ್ಡದಾದ ಕೂಡಲೆ ಇದು ಸಾಲದೆ ಬರುತ್ತದೆ. ಸುಡದ ಸುಣ್ಣಕಲ್ಲನ್ನೇ ನೇರವಾಗಿ ಹಾಕೋಣವೆಂದರೆ ಕಡಲ ನೀರಿನ ಪಿಎಚ್ 8ರಲ್ಲಿ ಅದು ಕರಗುವುದೇ ಇಲ್ಲ, ತಳದಲ್ಲಿ ಸುಮ್ಮನೆ ಬಿದ್ದಿರುತ್ತದೆ.

ಹಾಗಾಗಿ ರಿಯಾಕ್ಟರ್. ತೊಟ್ಟಿಯ ನೀರಿನಲ್ಲಿ ಸ್ವಲ್ಪವನ್ನು ಪಕ್ಕದ ಮುಚ್ಚಿದ ಕೊಳವೆಗೆ ಕರೆದೊಯ್ದು, ಅಲ್ಲಿ ಮಾತ್ರ ಹುಳಿ ಮಾಡಿ, ಕಲ್ಲು ಕರಗಿಸಿ, ಹನಿಹನಿಯಾಗಿ ವಾಪಸ್ ಕಳಿಸುವುದು. ಜರ್ಮನಿಯಲ್ಲಿ ರೂಪುಗೊಂಡ ಈ ಸಾಧನ 1990ರ ದಶಕದಲ್ಲಿ ಹವ್ಯಾಸಿಗಳ ನಡುವೆ ಹರಡಿತು.

ಜೋಡಿಸುವ ಬಗೆ ಹೀಗೆ. ನಿಂತ ಅಕ್ರಿಲಿಕ್ ಕೊಳವೆಯಲ್ಲಿ ಬಟಾಣಿ ಗಾತ್ರದ ಅರಗೊನೈಟ್ ಹರಳುಗಳನ್ನು ತೊಳೆದು ತುಂಬಬೇಕು. ಪುಡಿ ಇದ್ದರೆ ಕೆಸರು ಕಟ್ಟಿ ನೀರಿನ ದಾರಿ ಮುಚ್ಚುತ್ತದೆ, ಆದ್ದರಿಂದ ತೊಳೆದ ನೀರು ತಿಳಿಯಾಗುವವರೆಗೂ ಬಿಡಬಾರದು. ಕೊಳವೆಯ ಒಳಗಿನ ನೀರನ್ನೇ ಸುತ್ತಿಸಲು ಒಂದು ಪಂಪು. ಇದು ಹಗಲೂ ರಾತ್ರಿ ಓಡಬೇಕು. ತೊಟ್ಟಿಯಿಂದ ಒಳಬರಲು ಒಂದು ಸಣ್ಣ ನಳಿಕೆ, ಹೊರಹೋಗಲು ಇನ್ನೊಂದು, ಅದಕ್ಕೆ ಹನಿ ಹೊಂದಿಸುವ ಕವಾಟ. ಇನ್ನೊಂದು ಕಡೆ ಇಂಗಾಲದ ಡೈಆಕ್ಸೈಡ್ ಸಿಲಿಂಡರ್, ಒತ್ತಡ ತಗ್ಗಿಸುವ ರೆಗ್ಯುಲೇಟರ್, ಗುಳ್ಳೆಗಳನ್ನು ಲೆಕ್ಕಹಾಕಿ ಬಿಡುವ ಸೂಜಿ ಕವಾಟ, ಗುಳ್ಳೆ ಎಣಿಸುವ ಪುಟ್ಟ ಸೀಸೆ. ನೀರು ಹಿಮ್ಮುಖವಾಗಿ ರೆಗ್ಯುಲೇಟರಿಗೆ ನುಗ್ಗದಂತೆ ಒಂದು ತಡೆ ಕವಾಟ ಬೇಕೇ ಬೇಕು. ಹತ್ತಿಪ್ಪತ್ತು ರೂಪಾಯಿಯ ಆ ತುಂಡು ಇಲ್ಲದ್ದರಿಂದ ಉಪ್ಪುನೀರು ಹೊಕ್ಕು ದುಬಾರಿ ರೆಗ್ಯುಲೇಟರ್ ಹಾಳಾಗಬಹುದು.

ಮೊದಲ ದಿನ ಅನಿಲ ಬಿಡುವ ಅವಸರ ಬೇಡ. ನೀರು ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನೆಲ್ಲ ಹೊರಡಿಸಿ, ಎಲ್ಲೂ ಸೋರುತ್ತಿಲ್ಲವೆಂದು ಒಂದು ರಾತ್ರಿ ನೋಡಿಕೊಳ್ಳಬೇಕು. ಆಮೇಲೆ ಹೊರಹರಿವನ್ನು ಒಂದು ಮಟ್ಟಕ್ಕೆ ನಿಲ್ಲಿಸಬೇಕು. ಅನಿಲ ಕೊನೆಗೆ. ಕೊಳವೆಯೊಳಗಿನ ಪಿಎಚ್ ಮೆಲ್ಲಗೆ ಇಳಿಯುತ್ತ ಸುಮಾರು 6.5ಕ್ಕೆ ಬಂದರೆ ಹರಳು ಹದವಾಗಿ ಕರಗತೊಡಗುತ್ತದೆ. ತೀರಾ ಕೆಳಗಿಳಿಸಿದರೆ ಹರಳುಗಳು ಗಂಜಿಯಂತಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಹೊಸಬರು ಮಾಡುವ ಅವಾಂತರ ಸಾಮಾನ್ಯವಾಗಿ ಒಂದೇ: ಹನಿಯನ್ನೂ ಗುಳ್ಳೆಯನ್ನೂ ಒಂದೇ ದಿನ ಬದಲಿಸುವುದು. ಮಾರನೆಯ ದಿನ ಅಳತೆ ಏರಿದರೆ ಯಾವುದರಿಂದ ಏರಿತೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ.

ಎಷ್ಟು ಹನಿ ಬಿಡಬೇಕು? ಇದಕ್ಕೆ ಏಳನೇ ತರಗತಿಯ ಗಣಿತ ಸಾಕು. ಹೊರಬರುವ ನೀರಿನ ಕ್ಷಾರತೆ 30 ಡಿಗ್ರಿ, ತೊಟ್ಟಿಯದು 8 ಎಂದಾದರೆ ಒಂದು ಲೀಟರ್ ನೀರು ತೊಟ್ಟಿಗೆ ತರುವ ಲಾಭ 22. ನಮ್ಮ 200 ಲೀಟರ್ ತೊಟ್ಟಿಗೆ ದಿನಕ್ಕೆ ಒಂದೊಂದು ಡಿಗ್ರಿಯಂತೆ 200 ಬೇಕು. 200ನ್ನು 22ರಿಂದ ಭಾಗಿಸಿದರೆ ದಿನಕ್ಕೆ 9 ಲೀಟರ್ ಚಿಲ್ಲರೆ, ನಿಮಿಷಕ್ಕೆ ಆರು ಮಿಲಿಲೀಟರ್‌ಗಿಂತ ತುಸು ಹೆಚ್ಚು. ಮಿಲಿಲೀಟರಿಗೆ 20 ಹನಿಯಂತೆ ಎಣಿಸಿದರೆ ಸೆಕೆಂಡಿಗೆ ಎರಡು ಹನಿ. ಕ್ಷಾರತೆ ಒಂದು ಡಿಗ್ರಿ ಏರಿದಾಗಲೆಲ್ಲ ಕ್ಯಾಲ್ಸಿಯಂ ತಾನಾಗಿ ಲೀಟರಿಗೆ 7 ಮಿಲಿಗ್ರಾಂ ಏರುತ್ತದೆ. ಹವಳ ಬಳಸುವುದೂ ಅದೇ ಪ್ರಮಾಣದಲ್ಲಿ. ಎರಡನ್ನೂ ಬೇರೆ ಬೇರೆ ತೂಗಿ ಹಾಕಬೇಕಾದ ಕಷ್ಟವಿಲ್ಲ. ಕರಗುತ್ತಿರುವುದೂ ಕಟ್ಟುತ್ತಿರುವುದೂ ಒಂದೇ ಕಲ್ಲಾದ್ದರಿಂದ ಸಿಗುವ ಅನುಕೂಲ ಇದು, ರಿಯಾಕ್ಟರಿನ ನಿಜವಾದ ಜಾಣತನವೂ ಇದೇ. ಅಂದಮೇಲೆ ದಿನವೂ ಒಂದೇ ಹೊತ್ತಿನಲ್ಲಿ ಕ್ಷಾರತೆಯೊಂದನ್ನು ಅಳೆದು ಬರೆದಿಟ್ಟರೆ ಸಾಕು. ಕಡಿಮೆಯಾಗುತ್ತಿದ್ದರೆ ಸ್ವಲ್ಪ ಹೆಚ್ಚಿಸಿ ಎರಡು ದಿನ ಕಾಯುವುದು.

ಹೊರಬರುವ ನೀರಿನಲ್ಲಿ ಅನಿಲ ಇನ್ನೂ ಮಿಕ್ಕಿರುತ್ತದೆ. ಅದು ತೊಟ್ಟಿಯ ಪಿಎಚ್ ಇಳಿಸುತ್ತದೆ. ಅದಕ್ಕೆಂದೇ ಕೆಲವರು ಹರಳು ತುಂಬಿದ ಎರಡನೆಯ ಕೊಳವೆಯ ಮೂಲಕ ಹಾಯಿಸಿ, ಮಿಕ್ಕ ಹುಳಿಯನ್ನೂ ಕಲ್ಲು ಕರಗಿಸಲು ಬಳಸಿಕೊಳ್ಳುತ್ತಾರೆ.

ಹುಳಿ-ಸುಣ್ಣಗಳ ಈ ಹೊಂದಾಣಿಕೆ ಅಡಿಕೆ ಬೆಳೆಗಾರರಿಗೆ ಹೊಸದಲ್ಲ. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ಇನ್ನೇನು? ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತದ ನೀರು ಆಮ್ಲೀಯ, ಹಾಗೇ ಹೊಡೆದರೆ ಗೊನೆ ಸುಡುತ್ತದೆ. ಸುಣ್ಣ ಸೇರಿ ಆ ಹುಳಿಯನ್ನು ಕೊಲ್ಲುತ್ತದೆ. ಸಾಕಷ್ಟು ಸುಣ್ಣ ಸೇರಿತೋ ಇಲ್ಲವೋ ಎಂದು ತಿಳಿಯಲು ಹಿರಿಯರು ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಪ್ರಕಟಿಸಿದಂದಿನಿಂದ ಈ ದ್ರಾವಣ ತೋಟಗಳಿಗೆ ಬಂತು. ನೂರು ವರ್ಷಗಳಿಂದ ಕತ್ತಿಯ ಅಲಗು ಮಾಡುತ್ತಿರುವ ಕೆಲಸವನ್ನು ರಿಯಾಕ್ಟರಿನಲ್ಲಿ ಪಿಎಚ್ ಮೀಟರ್ ಮಾಡುತ್ತದೆ. ಪಿಎಚ್ ಗೊತ್ತುಮಾಡಿದ ಗೆರೆಗಿಂತ ಕೆಳಗಿಳಿದರೆ ವಿದ್ಯುತ್ ಕವಾಟ ಮುಚ್ಚಿ ಅನಿಲ ನಿಲ್ಲುತ್ತದೆ.

ಇಷ್ಟು ಓದಿದ ಮೇಲೆ ಮನೆಯಲ್ಲಿ 'ನಮಗೂ ಹವಳದ ತೊಟ್ಟಿ ಬೇಕು' ಎಂಬ ಹಟ ಶುರುವಾದರೆ ತಂದೆತಾಯಂದಿರು ಮೊದಲು ಕಾನೂನು ತಿಳಿದಿರಬೇಕು. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ, ಅಂದರೆ ಹುಲಿ ಇರುವ ಪಟ್ಟಿಗೆ ಸೇರಿಸಲಾಯಿತು. ನೇತ್ರಾಣಿಯಿಂದಲೋ ಲಕ್ಷದ್ವೀಪದಿಂದಲೋ ಜೀವಂತ ಹವಳ ತರುವುದಿರಲಿ, ಸತ್ತ ಹವಳದ ತುಂಡನ್ನು ಪ್ರವಾಸದ ನೆನಪಿಗೆಂದು ಚೀಲಕ್ಕೆ ಹಾಕಿಕೊಂಡರೂ ಅಪರಾಧ. ಹೊರದೇಶಗಳಲ್ಲಿ ರಿಯಾಕ್ಟರಿಗೆ ಹವಳದ ಪುಡಿಯನ್ನೇ ತುಂಬುವ ರೂಢಿಯಿದೆ. ಇಲ್ಲಿ ಅದನ್ನು ಅನುಕರಿಸುವಂತಿಲ್ಲ. ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿರ್ಬಂಧಗಳಿವೆ. ಯಾರೋ ಅಂಗಡಿಯವರು ಮಾರುತ್ತಾರೆ ಎಂಬುದು ಪರವಾನಗಿ ಆಗುವುದಿಲ್ಲ.

ಎರಡನೆಯದು ಕರೆಂಟು. ಆಷಾಢದ ಗಾಳಿಗೆ ಮರ ತಂತಿಯ ಮೇಲೆ ಬಿದ್ದರೆ ಮಲೆನಾಡಿನ ಹಳ್ಳಿಯಲ್ಲಿ ದೀಪ ಮತ್ತೆ ಯಾವಾಗ ಬಂದೀತೆಂದು ಹೇಳಲಾಗದು. ಪಂಪು ನಿಂತ ಹವಳದ ತೊಟ್ಟಿಯಲ್ಲಿ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಕುಸಿಯುತ್ತದೆ, ಒಂದು ರಾತ್ರಿಯಲ್ಲಿ ಎರಡು ವರ್ಷದ ಶ್ರಮ ಕೊಳೆತುಹೋಗಬಹುದು. ಇನ್ವರ್ಟರ್, ಉಪ್ಪಿನ ಮಿಶ್ರಣ, ದೀಪ, ಅಳತೆಯ ಸಾಮಗ್ರಿ ಎಲ್ಲ ಸೇರಿದರೆ ರಿಯಾಕ್ಟರಿನ ಬೆಲೆ ಅದರಲ್ಲಿ ಸಣ್ಣ ಬಾಬತ್ತು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಸೋರಿದರೆ ನೆಲಮಟ್ಟದಲ್ಲಿ ತುಂಬಿಕೊಂಡು ಮಲಗಿದವರ ಉಸಿರಿಗೇ ಸಂಚಕಾರ. ನೇರವಾಗಿ ಹೇಳುವುದಾದರೆ ಶಾಲೆಗೆ ಹೋಗುವ ಹುಡುಗನಿಗೆ ಕೊಡಿಸುವ ವಸ್ತು ಇದಲ್ಲ.

ಆದರೂ ತಿಳಿದಿರಬೇಕಾದ ವಿಷಯವೇ. ಏಕೆಂದರೆ ಇದೇ ಅರ್ಧ ಪ್ರಯೋಗ ಈಗ ಕಡಲಿನಲ್ಲಿ ನಡೆಯುತ್ತಿದೆ. ಕೈಗಾರಿಕಾ ಕ್ರಾಂತಿಗೆ ಮುಂಚೆ ಗಾಳಿಯಲ್ಲಿ ದಶಲಕ್ಷಕ್ಕೆ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ನಾವು ಹೊಗೆಯಾಗಿ ಬಿಟ್ಟ ಅನಿಲದಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಮೇಲ್ಮೈ ನೀರಿನ ಪಿಎಚ್ 8.2ರ ಆಸುಪಾಸಿನಿಂದ 8.1ಕ್ಕೆ ಇಳಿದಿದೆ. ಬರೀ 0.1 ಎಂದು ನಗುವಂತಿಲ್ಲ. ಪಿಎಚ್‌ನ ಲೆಕ್ಕ ಹತ್ತರ ಘಾತದ ಲೆಕ್ಕ, ಅಷ್ಟು ಇಳಿದರೆ ಆಮ್ಲತೆ ಸುಮಾರು ಶೇ 26ರಷ್ಟು ಏರಿತೆಂದು ಅರ್ಥ. ಕಡಲು ಹುಳಿಯಾಗಿಬಿಟ್ಟಿಲ್ಲ, ಇನ್ನೂ ಕ್ಷಾರವೇ. ಹವಳ ನಾಳೆಯೇ ಕರಗುವುದೂ ಇಲ್ಲ. ಆದರೆ ಕಟ್ಟುವ ಕೆಲಸ ದುಬಾರಿಯಾಗುತ್ತಿದೆ, ಮೊದಲಿನಷ್ಟೇ ಕಲ್ಲಿಗೆ ಜೀವಿ ಹೆಚ್ಚು ಶಕ್ತಿ ಸುರಿಯಬೇಕು. ಇದರ ಜೊತೆಗೆ ಬಿಸಿ ಬೇರೆ. 1998, 2010, 2016ರಲ್ಲಿ ಕಡಲು ಕಾದಾಗ ಲಕ್ಷದ್ವೀಪದ ಹವಳಗಳು ಬಣ್ಣ ಕಳೆದುಕೊಂಡು ಬಿಳಿಚಿದವು, 2024ರಲ್ಲಿ ಮತ್ತೊಮ್ಮೆ. ಬಿಳಿಚುವುದು ಬಿಸಿಯಿಂದ, ಕಟ್ಟಲಾಗದಿರುವುದು ಅನಿಲದಿಂದ. ಎರಡನ್ನೂ ಒಂದೇ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ.

ಹವಳವಿಲ್ಲದ ರಿಯಾಕ್ಟರನ್ನು ಮಾತ್ರ ಶಿಕಾರಿಪುರದಲ್ಲೋ ಸೊರಬದಲ್ಲೋ ಯಾವ ವಿದ್ಯಾರ್ಥಿಯೂ ಧಾರಾಳವಾಗಿ ಮಾಡಬಹುದು. ಜಂಬಿಟ್ಟಿಗೆ ನೆಲದ ನೀರು ಸಾಮಾನ್ಯವಾಗಿ ಮೆದು, ಅದರಲ್ಲಿ ಸುಣ್ಣದ ಅಂಶ ಕಡಿಮೆ. ಅಂಥ ಮೆದುವಾದ ಹುಳಿ ನೀರಿನಲ್ಲಿ ಬೆಳೆದ ಬಸವನ ಹುಳುವಿನ ಚಿಪ್ಪನ್ನು ಗಮನಿಸಿದರೆ ತುದಿ ಸವೆದು ಬೆಳ್ಳಗೆ ಕಾಣುವುದುಂಟು. ಅಂಥ ನೀರನ್ನು ಗಡಸು ಮಾಡುವುದೇ ಈ ಆಟ.

ಬೇಕಾದದ್ದು ಮೂರು ಖಾಲಿ ಪ್ಲಾಸ್ಟಿಕ್ ಬಾಟಲಿ, ಔಷಧಿ ಅಂಗಡಿಯಲ್ಲಿ ಸಿಗುವ, ಯಾರಿಗೂ ಬಳಸದ ಹೊಸ ಸಲೈನ್ ಡ್ರಿಪ್ ಸೆಟ್, ಅಕ್ವೇರಿಯಂ ನಳಿಕೆ, ರಂಧ್ರ ಮುಚ್ಚಲು ಎಂ-ಸೀಲ್. ಹರಳಿಗೆ ಕಲ್ಲಿನ ಅಂಗಡಿಯ ಅಮೃತಶಿಲೆ ಚೂರು ಆದೀತು. ಮೊಟ್ಟೆ ತಿನ್ನುವ ಮನೆಯಾದರೆ ತೊಳೆದು, ಒಳಪೊರೆ ತೆಗೆದು, ಒಣಗಿಸಿ ಮುರಿದ ಮೊಟ್ಟೆಚಿಪ್ಪು ಇನ್ನೂ ಬೇಗ ಕರಗುತ್ತದೆ. ಎಲೆಅಡಿಕೆಯ ಸುಣ್ಣವನ್ನು ಮಾತ್ರ ಇದಕ್ಕೆ ಹಾಕಬಾರದು. ಅದು ಅರಳಿದ ಸುಣ್ಣ, ಇಲ್ಲಿ ಬೇಕಾಗಿರುವುದು ಸುಡದ ಕಲ್ಲು. ಸುಣ್ಣದ ಪ್ಯಾಕೆಟ್ ಹಿಸುಕಿ ಕಣ್ಣಿಗೆ ಸಿಡಿಸಿಕೊಂಡು ದೃಷ್ಟಿ ಕಳೆದುಕೊಂಡ ಮಕ್ಕಳಿದ್ದಾರೆ. ಹಾಗೇನಾದರೂ ಆದರೆ ಉಜ್ಜದೆ, ತಕ್ಷಣ ಧಾರೆ ನೀರಿನಲ್ಲಿ ಕಣ್ಣು ಬಿಡಿಸಿ ಕಡಿಮೆಯೆಂದರೂ ಇಪ್ಪತ್ತು ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು.

ಮೊದಲ ಬಾಟಲಿ ಅನಿಲದ ಕಾರ್ಖಾನೆ. ಒಂದು ಲೋಟ ಸಕ್ಕರೆ, ಕಾಲು ಚಮಚ ಬೇಕರಿ ಯೀಸ್ಟ್, ಮುಕ್ಕಾಲು ಬಾಟಲಿ ಉಗುರುಬೆಚ್ಚಗಿನ ನೀರು. ಮುಚ್ಚಳದ ರಂಧ್ರದಿಂದ ನಳಿಕೆ ಹೊರಟು ಎರಡನೆಯ ಬಾಟಲಿಯ ತಳ ಮುಟ್ಟುತ್ತದೆ. ಈ ನಳಿಕೆ ಎಂದೂ ಮಡಚಿಕೊಳ್ಳಬಾರದು, ಬಾಯಿ ಮುಚ್ಚಬಾರದು. ದಾರಿ ಸಿಗದಿದ್ದರೆ ಅನಿಲ ಒತ್ತಿಕೊಂಡು ಬಾಟಲಿ ಸಿಡಿಯುತ್ತದೆ. ಎರಡನೆಯ ಬಾಟಲಿಯೇ ರಿಯಾಕ್ಟರ್. ಮುಕ್ಕಾಲು ಪಾಲು ಹರಳು, ಮೇಲಿನವರೆಗೆ ನೀರು, ಭುಜದ ಹತ್ತಿರ ರಂಧ್ರ ಕೊರೆದು ನೀರು ಹೊರಹರಿಯಲು ತುಂಡು ನಳಿಕೆ. ಬಾಯಿಗೆ ಬಟ್ಟೆ ಮಾತ್ರ, ಮುಚ್ಚಳವಿಲ್ಲ. ಮೂರನೆಯ ಬಾಟಲಿ ಎತ್ತರದಲ್ಲಿ, ಅದರಲ್ಲಿ ಬಾವಿ ನೀರು. ಡ್ರಿಪ್ ಸೆಟ್ಟಿನ ನಳಿಕೆ ಅದರಿಂದ ಇಳಿದು ರಿಯಾಕ್ಟರಿನ ತಳಕ್ಕೆ ಬರಬೇಕು, ಆಗ ನೀರು ಹರಳುಗಳ ನಡುವೆಯೇ ಮೇಲೇರಿ ಹೊರಬೀಳುತ್ತದೆ. ಚಕ್ರ ತಿರುಗಿಸಿ ನಿಮಿಷಕ್ಕೆ ಹತ್ತು ಹನಿಗೆ ನಿಲ್ಲಿಸಿದರೆ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ನೀರು ಸಿಗುತ್ತದೆ. ಯೀಸ್ಟ್ ಒಂದು ವಾರವಾದರೂ ಗುಳ್ಳೆ ಕೊಡುತ್ತದೆ. ಕೊನೆಗೆ ಆ ಬಾಟಲಿಯಲ್ಲಿ ಉಳಿಯುವುದು ಹೆಂಡದಂಥ ನೀರು, ಅದನ್ನು ಯಾರೂ ರುಚಿ ನೋಡದೆ ಮೋರಿಗೆ ಚೆಲ್ಲತಕ್ಕದ್ದು.

ಇಷ್ಟೇ ಮಾಡಿದರೆ ಪ್ರಯೋಗವಾಗುವುದಿಲ್ಲ. ಪಕ್ಕದಲ್ಲಿ ಅನಿಲವಿಲ್ಲದ ಇನ್ನೊಂದು ಜೊತೆ ಇರಬೇಕು: ಅದೇ ಹರಳು, ಅದೇ ನೀರು, ಅದೇ ಹನಿ. ಎರಡರಿಂದಲೂ ಬಂದ ನೀರನ್ನು ಅಷ್ಟಷ್ಟೇ ಅಳೆದು ಬಟ್ಟೆ ಒಗೆಯುವ ಬಾರ್ ಸೋಪಿನ ನೀರನ್ನು ಹನಿಹನಿಯಾಗಿ ಹಾಕಿ ಕುಲುಕಬೇಕು. ನೊರೆ ಒಂದು ನಿಮಿಷ ನಿಲ್ಲಲು ಯಾವುದಕ್ಕೆ ಎಷ್ಟು ಹನಿ ಬೇಕಾಯಿತೆಂದು ಬರೆಯಬೇಕು. ಶಾಂಪೂ, ಪುಡಿ ಡಿಟರ್ಜೆಂಟ್ ಆಗದು, ಅವು ಗಡಸು ನೀರಿನಲ್ಲೂ ನೊರೆ ಕೊಡುತ್ತವೆ. ಆಮೇಲೆ ಎರಡೂ ನೀರನ್ನು ಬೇರೆ ಬೇರೆ ಸ್ಟೀಲ್ ಪಾತ್ರೆಯಲ್ಲಿ ಕಾಲು ಗಂಟೆ ಕುದಿಸಿ ತಳ ನೋಡಬೇಕು. ಸೊರಬದ ತೆರೆದ ಬಾವಿಯ ನೀರಿಗೂ ಶಿಕಾರಿಪುರದ ಕೊಳವೆಬಾವಿ ನೀರಿಗೂ ಹನಿಗಳ ಲೆಕ್ಕ ಒಂದೇ ಬರುತ್ತದೆಯೋ? ಎರಡು ತಾಲ್ಲೂಕಿನಲ್ಲಿ ನೆಂಟರಿರುವ ಮಕ್ಕಳು ದಸರಾ ರಜೆಯಲ್ಲಿ ಒಂದೊಂದು ಬಾಟಲಿ ನೀರು ತಂದು ಪಟ್ಟಿ ಮಾಡಿದರೆ ಗೊತ್ತಾಗುತ್ತದೆ. ಬಾಟಲಿಯ ಮೇಲೆ ಊರು, ಬಾವಿ, ತಾರೀಖು ಬರೆದಿರಲಿ.